ಅಜಂತಾ, ಎಲ್ಲೋರ ಹೋಗುವವರು ಮೊದಲು ವಾರ ನೋಡಿಕೊಳ್ಳಿ

ಅಜಂತಾಕ್ಕೆ ಸೋಮವಾರ ರಜೆ, ಎಲ್ಲೋರಕ್ಕೆ ಮಂಗಳವಾರ. ರೈಲು ಬುಕ್ ಮಾಡುವ ಮುಂಚೆಯೇ ಇದು ತಲೆಯಲ್ಲಿರಲಿ. ಔರಂಗಾಬಾದಿನಲ್ಲಿ, ಅಂದರೆ ಈಗಿನ ಛತ್ರಪತಿ ಸಂಭಾಜಿನಗರದಲ್ಲಿ, ರೂಮ್ ಮಾಡಿ. ಅಲ್ಲಿಂದ ಅಜಂತಾ ಸುಮಾರು 100 ಕಿ.ಮೀ., ಎಲ್ಲೋರ 30. ಒಂದೇ ದಿನ ಎರಡೂ ಬೇಡ, ಸುಮ್ನೆ ಓಡಾಟ.

ಅಜಂತಾಕ್ಕೆ ಸ್ವಂತ ಗಾಡಿ ಗುಹೆಯವರೆಗೆ ಬಿಡುವುದಿಲ್ಲ. ಫರ್ದಾಪುರದ ಹತ್ತಿರ ನಿಲ್ಲಿಸಿ, ಉಳಿದ 4 ಕಿ.ಮೀ. ಅಲ್ಲಿನ ಬಸ್ಸಿನಲ್ಲಿ ಹೋಗಬೇಕು. ಚಿತ್ರಗಳಿಗಾಗಿ 1, 2, 16, 17ನೇ ಗುಹೆಗಳಿಗೆ ಜಾಸ್ತಿ ಸಮಯ ಇಡಿ. ಒಳಗೆ ಮಬ್ಬು, ಫ್ಲ್ಯಾಶ್ ಹಾಕುವಂತಿಲ್ಲ. ಸ್ವಲ್ಪ ಹೊತ್ತು ನಿಂತರೆ ಕಣ್ಣು ಹೊಂದಿಕೊಳ್ಳುತ್ತದೆ. ಮಲಗಿದ ಬುದ್ಧ ಇರುವುದು 26ರಲ್ಲಿ. ಸುಸ್ತಾಯಿತೆಂದು ಅರ್ಧಕ್ಕೇ ತಿರುಗಬೇಡಿ.

ಎಲ್ಲೋರದ ದಾರಿಯಲ್ಲೇ ದೌಲತಾಬಾದ್ ಕೋಟೆ. ಹತ್ತುವುದಾದರೆ ಬೆಳಿಗ್ಗೆಯೇ ಹತ್ತಿ. ಎಲ್ಲೋರದಲ್ಲಿ ಎಲ್ಲರೂ ಕೈಲಾಸ ದೇವಾಲಯಕ್ಕೇ ಮುಗಿಬೀಳುತ್ತಾರೆ. ನಮ್ಮ ರಾಷ್ಟ್ರಕೂಟರದ್ದು ಅಲ್ವಾ, ನೋಡಲೇಬೇಕು. ಆದರೆ ಬೌದ್ಧ ಗುಹೆಗಳಲ್ಲಿ 10ನೆಯದನ್ನು ಬಿಡಬೇಡಿ.