ವಾ ಪೆಡಲ್: ಪಾದಕ್ಕೂ ಬೇಕು ತಾಳ

ಗಿಟಾರಿನ ಸದ್ದನ್ನು ಕಾಲಿನಿಂದ 'ವಾ' ಎನ್ನಿಸುವ ವಾ ಪೆಡಲ್ ಕೊಂಡ ಹೊಸದರಲ್ಲಿ ಹೆಚ್ಚಿನವರ ಕಾಲು ಒಂದೇ ಕೆಲಸ ಮಾಡುತ್ತದೆ: ಹಲಗೆಯನ್ನು ಈ ತುದಿಯಿಂದ ಆ ತುದಿಗೆ ಬಿಡುವಿಲ್ಲದೆ ತುಳಿಯುತ್ತದೆ. ಕೈ ಎಷ್ಟೇ ಚೆನ್ನಾಗಿ ನುಡಿಸಿದರೂ ಕೇಳುವವರ ಕಿವಿಗೆ ಕಲಸುಮೇಲೋಗರವೇ ಸಿಗುತ್ತದೆ. ಕಾಲಿನ ಚಲನೆ ತಾಳಕ್ಕೋ ಸ್ವರಕ್ಕೋ ಕಟ್ಟುಬಿದ್ದಿರಬೇಕು. ಇದು ಹಿಡಿತಕ್ಕೆ ಸಿಕ್ಕಿದರೆ ಪೆಡಲ್ ಎಷ್ಟು ಬೆಲೆಯದು ಎಂಬುದು ಅಷ್ಟೇನೂ ಮುಖ್ಯವಲ್ಲ.

ಒಳಗೆ ನಡೆಯುವುದೇನು?

1966ರಲ್ಲಿ ಅಮೆರಿಕದ ಥಾಮಸ್ ಆರ್ಗನ್ ಕಂಪನಿಯಲ್ಲಿ ಎಂಜಿನಿಯರ್ ಬ್ರ್ಯಾಡ್ ಪ್ಲಂಕೆಟ್, ವಾಕ್ಸ್ ಆಂಪ್ಲಿಫೈಯರಿನ ಮಧ್ಯಶ್ರೇಣಿ ಸ್ವಿಚ್ಚಿನ ಜಾಗಕ್ಕೆ ತಿರುಗಿಸುವ ಪಾಟ್ (ಪೊಟೆನ್ಷಿಯೊಮೀಟರ್, ಅಂದರೆ ತಿರುಗಿಸಿದಂತೆ ತಡೆ ಬದಲಾಗುವ ಭಾಗ) ಹಾಕಲು ಹೊರಟಾಗ ಹುಟ್ಟಿದ ಸರ್ಕ್ಯೂಟ್ ಇದು. ಮರುವರ್ಷವೇ ಪೆಡಲ್ ರೂಪದಲ್ಲಿ ಮಾರುಕಟ್ಟೆಗೆ ಬಂತು. ಒಂದು ಇಂಡಕ್ಟರ್ (ತಂತಿಯ ಸುರುಳಿ), ಎರಡು ಟ್ರಾನ್ಸಿಸ್ಟರ್, ಕೆಲವು ಕೆಪಾಸಿಟರ್, 100 ಕಿಲೋ ಓಮ್‌ನ ಒಂದು ಪಾಟ್, ಇವೇ ಇದರ ಮುಖ್ಯ ಭಾಗಗಳು. ಇವು ಸೇರಿ ಗಿಟಾರಿನ ಸದ್ದಿನಲ್ಲಿ ಆವರ್ತನಗಳ ಒಂದು ಕಿರಿದಾದ ಪಟ್ಟಿಯನ್ನು ಮಾತ್ರ ಎತ್ತಿ ಹಿಡಿಯುತ್ತವೆ. ಹಿಮ್ಮಡಿ ಒತ್ತಿದಾಗ ಆ ಪಟ್ಟಿ ಸುಮಾರು 400 ಹರ್ಟ್ಸ್ ಹತ್ತಿರ ಇರುತ್ತದೆ. ಕಾಲ್ಬೆರಳ ತುದಿ ಒತ್ತಿದಂತೆ 2,000 ಹರ್ಟ್ಸ್ ಆಸುಪಾಸಿಗೆ ಏರುತ್ತದೆ. ಮಾದರಿಯಿಂದ ಮಾದರಿಗೆ ಈ ಅಂಕಿಗಳು ಬದಲಾಗುತ್ತವೆ. 'ಊ' ಎನ್ನುತ್ತಿರುವ ಬಾಯಿ 'ಆ' ಎಂದು ತೆರೆದುಕೊಂಡಂತೆ ಕೇಳಿಸುವುದು ಇದರಿಂದಲೇ.

ಪಟ್ಟಿಗೆ ಎತ್ತಿ ಹಿಡಿಯಲು ಏನಾದರೂ ಸಿಗಬೇಕಲ್ಲ? ಗಿಟಾರಿನ ಟೋನ್ ಗುಂಡಿ ಪೂರ್ತಿ ಇಳಿದಿದ್ದರೆ ಮೇಲಿನ ಆವರ್ತನಗಳೇ ಇರುವುದಿಲ್ಲ, ಪೆಡಲ್ ಸತ್ತಂತೆ ಅನ್ನಿಸುತ್ತದೆ. ಸ್ವಲ್ಪ ಡಿಸ್ಟಾರ್ಷನ್ (ಸದ್ದನ್ನು ಒರಟಾಗಿಸುವ ಪರಿಣಾಮ) ಸೇರಿಸಿದರೆ ಉಪಸ್ವರಗಳು ಹೆಚ್ಚುತ್ತವೆ, ವಾ ಬಾಯಿಬಿಟ್ಟು ಮಾತಾಡುತ್ತದೆ.

ಜೋಡಣೆ

ಗಿಟಾರಿನಿಂದ ಮೊದಲು ವಾ, ಆಮೇಲೆ ಡಿಸ್ಟಾರ್ಷನ್, ನಂತರ ಆಂಪ್. ರಾಕ್‌ಗೆ ಈ ಕ್ರಮದಿಂದಲೇ ಶುರುಮಾಡಿ. ವಾ ಎತ್ತಿದ ಪಟ್ಟಿಯನ್ನು ಡಿಸ್ಟಾರ್ಷನ್ ಒತ್ತಿ ಸಮಮಾಡುವುದರಿಂದ ಸದ್ದು ನುಣುಪಾಗಿ, ಕಂಠದಂತೆ ಬರುತ್ತದೆ. ಡಿಸ್ಟಾರ್ಷನ್ ನಂತರ ವಾ ಇಟ್ಟರೆ ಸ್ವೀಪ್ (ಪಟ್ಟಿಯ ಏರಿಳಿತ) ಹರಿತವಾಗಿ, ಸಿಂಥಸೈಸರ್ ತರಹ ಕೇಳಿಸುತ್ತದೆ. ಬೆರಳ ತುದಿಯ ಕಡೆ ಸದ್ದು ಕಿವಿಗೆ ಚುಚ್ಚುತ್ತದೆ. ಅದು ಬೇಕೆನಿಸುವ ಹಾಡುಗಳೂ ಇವೆ, ಆದರೆ ಕಲಿಯುವ ಹಂತಕ್ಕೆ ಬೇಡ.

ಹಳೆಯ ಮಾದರಿಯ ಎರಡು ಟ್ರಾನ್ಸಿಸ್ಟರ್ ಫಝ್ ಪೆಡಲ್ (ಸದ್ದನ್ನು ಇನ್ನೂ ಒರಟಾಗಿ ಒಡೆಯುವ ಡಿಸ್ಟಾರ್ಷನ್) ಇದ್ದರೆ ಮಾತ್ರ ತೊಡಕು. ಅದರ ಇನ್‌ಪುಟ್ ಇಂಪೀಡೆನ್ಸ್ (ಒಳಬರುವ ಸಿಗ್ನಲ್‌ಗೆ ಒಡ್ಡುವ ತಡೆ) ತೀರಾ ಕಡಿಮೆ, ಹಿಂದಿರುವ ವಾ ಸರ್ಕ್ಯೂಟಿನ ಮೇಲೆ ಹೊರೆ ಬಿದ್ದು ಸ್ವೀಪ್ ಮಾಯವಾಗುತ್ತದೆ. ಎರಡರ ನಡುವೆ ಒಂದು ಬಫರ್ (ಆ ಹೊರೆ ಹಿಂದಕ್ಕೆ ತಟ್ಟದಂತೆ ತಡೆಯುವ ಸಣ್ಣ ಸರ್ಕ್ಯೂಟ್) ಇಡಿ, ಇಲ್ಲವೇ ಫಝ್ ಅನ್ನೇ ವಾಗಿಂತ ಮೊದಲು ಇಡಿ. ಬಫರ್ ಇಟ್ಟರೆ ಗಿಟಾರಿನ ವಾಲ್ಯೂಮ್ ಇಳಿಸಿ ಫಝ್ ತಿಳಿಯಾಗಿಸುವ ಅನುಕೂಲ ಬಹುಪಾಲು ಕೈತಪ್ಪುತ್ತದೆ ಎಂಬುದು ಗಮನದಲ್ಲಿರಲಿ.

ಕಾಲಿನ ಪಾಠ

ಹಿಮ್ಮಡಿ ಹಲಗೆಯ ಹಿಂಭಾಗದಲ್ಲಿ ಊರಿರಲಿ, ಚಲನೆ ಕಣಕಾಲಿನಿಂದ ಬರಲಿ. ಮೊಣಕಾಲು ಎತ್ತಿ ತುಳಿದರೆ ಮೀನಖಂಡ ಬೇಗ ನೋಯುತ್ತದೆ, ಹಿಡಿತವೂ ಸಿಗುವುದಿಲ್ಲ. ದೇಹದ ಭಾರ ಇನ್ನೊಂದು ಕಾಲಿನ ಮೇಲಿರಬೇಕು. ಬೆರಳ ತುದಿಯಡಿಯ ಸ್ವಿಚ್ ಒತ್ತುವಾಗ ಮಾತ್ರ ಭಾರವನ್ನು ಪೆಡಲ್ ಮೇಲೆ ಹಾಕಿ.

ಮೊದಲ ಅಭ್ಯಾಸಕ್ಕೆ ಸ್ವರವೇ ಬೇಡ. ಎಡಗೈ ಬೆರಳುಗಳನ್ನು ಆರೂ ತಂತಿಗಳ ಮೇಲೆ ಹಗುರಾಗಿ ಇಟ್ಟು ಸದ್ದಡಗಿಸಿ. ಮೆಟ್ರೊನೋಮ್ ಅನ್ನು ನಿಮಿಷಕ್ಕೆ 70 ಎಣಿಕೆಗೆ ಇಟ್ಟು, ಪ್ರತಿ ಎಣಿಕೆಗೆ ನಾಲ್ಕರಂತೆ ಬಲಗೈಯಿಂದ ಕೆಳಗೆ-ಮೇಲೆ-ಕೆಳಗೆ-ಮೇಲೆ ಮೀಟಿ. ಕಾಲು ಎಣಿಕೆಗೆ ಒಂದೇ ಸುತ್ತು ಹಾಕಬೇಕು: ಮೊದಲ ಮೀಟಿಗೆ ಬೆರಳ ತುದಿ ಕೆಳಗೆ, ಮೂರನೆಯದಕ್ಕೆ ಹಿಮ್ಮಡಿ ಕೆಳಗೆ. ಇಲ್ಲಿಯೇ ಬಹಳ ಮಂದಿ ಎಡವುತ್ತಾರೆ. ಕೈ ವೇಗವಾಗಿ ಓಡಿದಂತೆ ಕಾಲೂ ಅದರ ಹಿಂದೆ ಓಡುತ್ತದೆ, ಸ್ವೀಪ್ ಅರಳಲು ಸಮಯವೇ ಸಿಗುವುದಿಲ್ಲ. ಕೈ ನಾಲ್ಕು ಮೀಟಲಿ, ಕಾಲು ಒಂದನ್ನೇ ಎಣಿಸಲಿ. ಎರಡೂ ಬೇರೆಬೇರೆಯಾಗಿ ನಡೆಯತೊಡಗಿದ ಮೇಲೆ ಕಾಲನ್ನು ಎರಡು ಎಣಿಕೆಗೊಂದು ಸುತ್ತಿಗೆ ಇಳಿಸಿ ನೋಡಿ. ನಿಧಾನದ ಸ್ವೀಪ್ ಇನ್ನೂ ಕಷ್ಟ, ಇನ್ನೂ ಚೆಂದ. ಸದ್ದಡಗಿಸಿದ ತಂತಿ ಮತ್ತು ವಾ ಸೇರಿದರೆ ಏನಾಗುತ್ತದೆ ಎಂಬುದಕ್ಕೆ ಜಿಮಿ ಹೆಂಡ್ರಿಕ್ಸ್ 1968ರಲ್ಲಿ ಹೊರತಂದ 'ವೂಡೂ ಚೈಲ್ಡ್ (ಸ್ಲೈಟ್ ರಿಟರ್ನ್)' ಹಾಡಿನ ಆರಂಭವನ್ನು ಕೇಳಿ.

ಸೋಲೊ ನುಡಿಸುವಾಗ ಕಾಲು ತಾಳವನ್ನು ಬಿಟ್ಟು ಸ್ವರವನ್ನು ಹಿಂಬಾಲಿಸುತ್ತದೆ. ಮೂರನೇ ತಂತಿಯ ಏಳನೇ ಫ್ರೆಟ್‌ನಲ್ಲಿ ಪೂರ್ಣ ಸ್ವರದ ಬೆಂಡ್ ಎತ್ತಿ, ಅಂದರೆ ತಂತಿಯನ್ನು ಪಕ್ಕಕ್ಕೆ ಎಳೆದು ಸ್ವರ ಏರಿಸಿ. ಹಿಮ್ಮಡಿ ಕಡೆಯಿಂದ ಶುರುಮಾಡಿ, ತಂತಿ ಎಳೆದಷ್ಟೇ ನಿಧಾನವಾಗಿ ಕಾಲ್ಬೆರಳ ತುದಿಯನ್ನು ಒತ್ತಿ. ಸ್ವರ ಗುರಿ ಮುಟ್ಟುವ ಹೊತ್ತಿಗೇ ಪೆಡಲ್ ಕೂಡ ತೆರೆದಿರಬೇಕು. ಪೆಡಲ್ ಮೊದಲೇ ತೆರೆದುಕೊಂಡರೆ ಬೆಂಡ್ ಸೊರಗುತ್ತದೆ, ತಡವಾದರೆ ಒಂದೇ ಸ್ವರ ಎರಡು ಸಲ ಹುಟ್ಟಿದಂತಾಗುತ್ತದೆ. ವೇಗದ ಸ್ವರಗುಚ್ಛಗಳಲ್ಲಿ ಪ್ರತಿ ಸ್ವರಕ್ಕೂ ತುಳಿಯಬೇಡಿ. ಇಡೀ ಗುಚ್ಛಕ್ಕೆ ಒಂದು ಏರಿಕೆ ಸಾಕು.

ಹಲಗೆಯ ಪೂರ್ತಿ ಓಟವೂ ಬೇಕಾಗಿಲ್ಲ. ಕಂಠದ ಗುಣ ಹೆಚ್ಚಾಗಿ ಇರುವುದು ಮಧ್ಯದ ಮೂರನೇ ಒಂದು ಭಾಗದಲ್ಲಿ. ಅಲ್ಲೇ ಅರ್ಧ ಇಂಚು ಆಡಿಸಲು ಕಲಿತರೆ ವಾ ಕೇಳಲು ಸಹ್ಯವಾಗುತ್ತದೆ.

ಆಡಿಸದೆಯೂ ನುಡಿಸಬಹುದು. ಪೆಡಲ್ ಅನ್ನು ಒಂದು ಕಡೆ ನಿಲ್ಲಿಸಿ ಸೋಲೊ ನುಡಿಸಿದರೆ ಮೂಗಿನಿಂದ ಹೊರಟಂಥ ಗಟ್ಟಿ ಮಧ್ಯಶ್ರೇಣಿ ಸಿಗುತ್ತದೆ. ಜರ್ಮನಿಯ ರಾಕ್ ಗಿಟಾರಿಸ್ಟ್ ಮೈಕೆಲ್ ಶೆಂಕರ್ ನುಡಿಕೆಯ ಗುರುತೇ ಇದು. ಹಿಮ್ಮಡಿಯಿಂದ ನಿಧಾನವಾಗಿ ತೆರೆಯುತ್ತ, ಸ್ವರ ಇದ್ದಕ್ಕಿದ್ದಂತೆ ಮುಂದೆ ಬಂದು ನಿಂತಂತೆ ಕೇಳಿಸುವ ಜಾಗದಲ್ಲಿ ಕಾಲು ತೆಗೆಯಿರಿ. ಹಲಗೆ ತಾನಾಗಿ ಜಾರಿದರೆ ಕೀಲಿನ ಬಿಗಿ ಸಡಿಲವಾಗಿದೆ ಎಂದರ್ಥ, ಅಲ್ಲಿರುವ ನಟ್ ಸ್ವಲ್ಪ ತಿರುಗಿಸಿ.

ಕೈಕೊಟ್ಟಾಗ

ತುಳಿದಾಗ ಕರಕರ ಸದ್ದು ಬಂದರೆ ಪಾಟ್‌ನಲ್ಲಿ ಧೂಳು ಕೂತಿದೆ. ಅಡಿಯ ತಗಡು ಬಿಚ್ಚಿ, ಎಲೆಕ್ಟ್ರಾನಿಕ್ಸ್‌ಗೆಂದೇ ಸಿಗುವ ಕಾಂಟ್ಯಾಕ್ಟ್ ಕ್ಲೀನರ್ ಒಳಕ್ಕೆ ಚಿಮುಕಿಸಿ ಇಪ್ಪತ್ತು ಮೂವತ್ತು ಸಲ ಆಡಿಸಿ. ಹೊಲಿಗೆ ಯಂತ್ರದ ಎಣ್ಣೆ ಹಾಕಬೇಡಿ, ಮತ್ತಷ್ಟು ಧೂಳು ಹಿಡಿಯುತ್ತದೆ. ಆದರೂ ಹೋಗದಿದ್ದರೆ ಪಾಟ್ ಬದಲಿಸಿ, ಆದರೆ ವಾ ಪೆಡಲಿಗಾಗಿ ಮಾಡಿದ್ದನ್ನೇ ತನ್ನಿ. ಸಾಮಾನ್ಯ 100 ಕಿಲೋ ಓಮ್ ಪಾಟ್ ಹಾಕಿದರೆ ಬದಲಾವಣೆಯೆಲ್ಲ ಒಂದೇ ತುದಿಯಲ್ಲಿ ಗುಂಪಾಗುತ್ತದೆ.

ಟ್ರೆಬಲ್ ವಿಪರೀತ ಅಥವಾ ಸಾಲದು ಎನಿಸಿದರೆ ಹಲ್ಲುಪಟ್ಟಿಯನ್ನು (ಹಲಗೆಯ ಜೊತೆ ಚಲಿಸಿ ಪಾಟ್ ತಿರುಗಿಸುವ ಹಲ್ಲಿನ ಸರಳು) ಬಿಡಿಸಿ, ಪಾಟ್‌ನ ಗೇರನ್ನು ಒಂದೆರಡು ಹಲ್ಲು ತಿರುಗಿಸಿ ಮತ್ತೆ ಕೂರಿಸಿ. ಹಲಗೆ ಕೊನೆ ಮುಟ್ಟುವ ಮುನ್ನವೇ ಪಾಟ್ ಕೊನೆ ಮುಟ್ಟಿದರೆ ಹಲ್ಲು ಮುರಿಯುತ್ತದೆ, ಎರಡೂ ತುದಿ ಕೈಯಿಂದ ಪರೀಕ್ಷಿಸಿ.

ಸ್ವಿಚ್ ಒತ್ತಲು ಒದ್ದಾಡಬೇಕಾದರೆ ಅದರ ನಟ್‌ಗಳನ್ನು ಸಡಿಲಿಸಿ ಸ್ವಿಚ್ಚನ್ನು ಒಂದು ಸುತ್ತು ಮೇಲೆತ್ತಿ. ಹೆಚ್ಚು ಎತ್ತಿದರೆ ಸೋಲೊ ನಡುವೆ ಬೆರಳ ತುದಿ ಕೆಳಗಿಳಿದಾಗಲೆಲ್ಲ ಪೆಡಲ್ ಆಫ್ ಆಗುತ್ತದೆ.

ಗುಂಯ್‌ಗುಡುವಿಕೆಗೆ ಹೆಚ್ಚಿನ ಸಲ ಪಕ್ಕದ ಪವರ್ ಸಪ್ಲೈ ಕಾರಣ. ಅದರ ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರವನ್ನು ಇಂಡಕ್ಟರ್ ಹೀರಿಕೊಳ್ಳುತ್ತದೆ. ಒಂದಡಿ ದೂರ ಸರಿಸಿ, ಕೋನ ಬದಲಿಸಿ. ಅಡಾಪ್ಟರ್ ಬಳಸುವುದಾದರೆ ಸಾಮಾನ್ಯವಾಗಿ ಬೇಕಾದ್ದು 9 ವೋಲ್ಟ್, ನಡುವಿನ ಪಿನ್ ನೆಗೆಟಿವ್ ಇರುವಂಥದ್ದು. ಆದರೂ ಪೆಡಲ್ ಮೇಲೆ ಬರೆದಿರುವುದನ್ನು ನೋಡಿಯೇ ಚುಚ್ಚಿ. ಬ್ಯಾಟರಿಯಾದರೆ ನುಡಿಸಿ ಮುಗಿದ ಮೇಲೆ ಇನ್‌ಪುಟ್ ಕೇಬಲ್ ಕಿತ್ತಿಡಿ. ಕೇಬಲ್ ಚುಚ್ಚಿರುವಷ್ಟು ಹೊತ್ತೂ, ಸ್ವಿಚ್ ಆಫ್ ಇದ್ದರೂ ಬ್ಯಾಟರಿ ಖರ್ಚಾಗುತ್ತಲೇ ಇರುತ್ತದೆ.