ಬೀಜದ ಜಾಗ ನೆನಪಿಡುವ ರೋಬೋಟ್: ಮೂರು ಹಂಗಾಮುಗಳ ನನ್ನ ಅನುಭವ

ಡೆನ್ಮಾರ್ಕಿನ ದಕ್ಷಿಣದಲ್ಲಿರುವ ಲೋಲಾಂಡ್ ದ್ವೀಪದ ಒಂದು ಸಾವಯವ ಜಮೀನಿನಲ್ಲಿ, ಸಕ್ಕರೆ ಬೀಟ್ ಬೆಳೆಯ ಕಳೆ ತೆಗೆಯುವ ರೋಬೋಟನ್ನು ಮೂರು ಹಂಗಾಮುಗಳಿಂದ ನೋಡಿಕೊಳ್ಳುತ್ತಿದ್ದೇನೆ. ಕಳೆನಾಶಕ ಬಳಸುವಂತಿಲ್ಲದ ಇಂಥ ಹೊಲಗಳಲ್ಲಿ ಹಿಂದೆ ಮೇ ಮತ್ತು ಜೂನ್ ತಿಂಗಳುಗಳಿಡೀ ಆಳುಗಳು ಸಾಲಿನುದ್ದಕ್ಕೂ ಬಗ್ಗಿ ಕಳೆ ಕೀಳಬೇಕಾಗಿತ್ತು.

ಬೆನ್ನ ಮೇಲೆ ಸೌರಫಲಕಗಳನ್ನು ಹೊತ್ತ, ಸುಮಾರು ಒಂದು ಟನ್ ತೂಗುವ ಈ ಯಂತ್ರವು ಗಂಟೆಗೆ ಒಂದು ಕಿಲೋಮೀಟರಿಗಿಂತಲೂ ನಿಧಾನವಾಗಿ, ಐವತ್ತು ಸೆಂಟಿಮೀಟರ್ ಅಂತರದ ಆರು ಸಾಲುಗಳ ಮೇಲೆ ಒಮ್ಮೆಗೇ ಸಾಗುತ್ತದೆ. ಇದಕ್ಕೆ ಕ್ಯಾಮೆರಾ ಕಣ್ಣಿಲ್ಲ; ಕಳೆಯನ್ನು ಅದು ನೋಡುವುದೇ ಇಲ್ಲ. ಏಪ್ರಿಲ್‌ನಲ್ಲಿ ಬಿತ್ತುವುದೂ ಇದೇ ಯಂತ್ರವಾದ್ದರಿಂದ, ಜಾಗ ತಿಳಿಸುವ ಉಪಗ್ರಹ ಸಂಕೇತದ ತಪ್ಪನ್ನು ಹೊಲದ ಬದಿಯ ಕಂಬದ ಮೇಲಿನ ರಿಸೀವರ್‌ನಿಂದ ತಿದ್ದಿಕೊಳ್ಳುತ್ತಾ, ಪ್ರತಿ ಬೀಜ ಬಿದ್ದ ಜಾಗವನ್ನು ಒಂದೆರಡು ಸೆಂಟಿಮೀಟರ್ ನಿಖರತೆಯಲ್ಲಿ ನೆನಪಿಟ್ಟುಕೊಂಡು, ಆ ಜಾಗವನ್ನು ಬಿಟ್ಟು ಉಳಿದೆಲ್ಲವನ್ನೂ ಕೆರೆಯುತ್ತದೆ. ನಮ್ಮ ಕಡೆಯ ಎಡೆಕುಂಟೆ ಸಾಲುಗಳ ನಡುವಿನ ಕಸವನ್ನಷ್ಟೇ ತೆಗೆಯುತ್ತದೆ, ಗಿಡಗಿಡದ ನಡುವೆ ಕುರ್ಪಿಯೇ ಬೇಕು. ಇಲ್ಲಿ ಎರಡನ್ನೂ ಒಂದೇ ಯಂತ್ರ ಮಾಡುತ್ತದೆ, ಎತ್ತಿಗೆ ಬಾಯಿಕುಕ್ಕೆ ಕಟ್ಟುವ ಕೆಲಸವೂ ಇಲ್ಲ.

ಮೊಳಕೆ ಮೇಲೆ ಬರುವ ಮೊದಲೇ ಎಡೆ ಹೊಡೆಯಬಹುದು ಎಂಬುದೇ ಇದರ ದೊಡ್ಡ ಲಾಭ. ಮಣ್ಣನ್ನು ಬೆರಳಿನಿಂದ ಕೆದಕಿದಾಗ ಕಳೆಯ ಮೊಳಕೆ ಬಿಳಿ ನೂಲಿನಂತೆ ಕಂಡರೆ, ಆ ದಿನ ಬಿಸಿಲೂ ಗಾಳಿಯೂ ಇದ್ದರೆ, ಯಂತ್ರವನ್ನು ಹೊರಡಿಸುತ್ತೇನೆ. ಕಳೆ ನಾಲ್ಕು ಎಲೆ ಬಿಟ್ಟ ಮೇಲೆ ಯಂತ್ರದ ತೆಳು ಅಲಗುಗಳಿಗೆ ಬಗ್ಗುವುದು ಕಷ್ಟ. ಇಲ್ಲಿ ಹೆಚ್ಚು ಕಾಡುವುದು ನಮ್ಮಲ್ಲಿ ಸಾರಿಗೆ ಹಾಕುವ ಚಕ್ಕೋತ ಸೊಪ್ಪು. ಬೀಟ್‌ನದೇ ಕುಟುಂಬದ ಈ ಗಿಡ ಬಿಟ್ಟರೆ ಬೆಳೆಗಿಂತ ಎತ್ತರಕ್ಕೆ ಏರಿ ನೆರಳು ಹಾಕುತ್ತದೆ.

ಮೊದಲ ವರ್ಷ ನಾನು ಯಂತ್ರದ ಮೇಲೆಯೇ ಗಮನವಿಟ್ಟು ಮಣ್ಣನ್ನು ಮರೆತೆ. ಹೆಂಟೆಗಳು ಉಳಿದಿದ್ದ ಮೂಲೆಯಲ್ಲಿ ಬೀಜಗಳು ಉರುಳಿ ಸರಿದಿದ್ದವು. ಯಂತ್ರದ ನೆನಪಿನಲ್ಲಿ ಮಾತ್ರ ಅವು ಬಿದ್ದ ಜಾಗದಲ್ಲೇ ಇದ್ದವು. ಈಗ ಬಿತ್ತನೆಗೆ ಎರಡು ವಾರ ಮುಂಚೆಯೇ ನೆಲವನ್ನು ಹದಮಾಡಿ, ಕಳೆ ಮೊಳೆಯಲು ಬಿಟ್ಟು, ಮೇಲುಮೇಲಕ್ಕೆ ಕೆರೆದು ಆಮೇಲೆ ಬಿತ್ತುತ್ತೇವೆ.

ಎರಡನೆಯ ವರ್ಷದ ತಪ್ಪು ದುಬಾರಿಯಾಯಿತು. ಟ್ರೇಲರ್ ತಾಗಿ ವಾಲಿದ್ದ ತಿದ್ದುಪಡಿ ಕಂಬವನ್ನು ನಾನು ಕಣ್ಣಳತೆಯಲ್ಲೇ ನೆಟ್ಟಗೆ ಮಾಡಿ, ಮೊಬೈಲ್ ಪರದೆಯಲ್ಲಿ ಎಲ್ಲವೂ ಸರಿಯಾಗಿದೆಯೆಂಬ ಸೂಚನೆ ಕಂಡು, ಯಂತ್ರವನ್ನು ರಾತ್ರಿಗೆ ಬಿಟ್ಟು ಮನೆಗೆ ಹೋದೆ. ಕಂಬ ಸುಮಾರು ನಾಲ್ಕು ಸೆಂಟಿಮೀಟರ್ ಸರಿದಿತ್ತು. ಅದರೊಂದಿಗೆ ಹೊಲದ ಎಲ್ಲ ಬೀಜಗಳ ವಿಳಾಸವೂ ಸರಿಯಿತು. ಬೆಳಿಗ್ಗೆ ನೋಡಿದರೆ ಎರಡೆಲೆಯ ಬೀಟ್ ಸಸಿಗಳು ಸಾಲುಸಾಲಾಗಿ ಕತ್ತರಿಸಿ ಬಿದ್ದಿದ್ದವು, ಬುಡದ ಪಕ್ಕದ ಚಕ್ಕೋತ ಹಾಯಾಗಿ ನಿಂತಿತ್ತು. ಆ ಕಂಬ ಈಗ ಕಾಂಕ್ರೀಟಿನಲ್ಲಿದೆ, ಮತ್ತು ಪ್ರತಿ ಸಲ ಮೊದಲ ಹತ್ತು ಮೀಟರ್ ಯಂತ್ರದ ಜೊತೆ ನಡೆದು ನೋಡದೆ ನಾನು ಹೊಲ ಬಿಡುವುದಿಲ್ಲ.

ಕೈಕೆಲಸ ಪೂರ್ತಿ ತಪ್ಪಿಲ್ಲ. ಸಸಿಯ ಬುಡಕ್ಕೆ ಅಂಟಿಕೊಂಡ ಕಳೆಯನ್ನು ಯಂತ್ರ ಮುಟ್ಟುವುದಿಲ್ಲ; ಮಳೆ ಹಿಡಿದರೆ ಜೇಡಿ ಅಲಗಿಗೆ ಮೆತ್ತಿಕೊಳ್ಳುವುದರಿಂದ ಅದನ್ನು ನಿಲ್ಲಿಸಲೇಬೇಕು. ಅಂಥ ವಾರಗಳ ನಂತರ ನಾವು ನಾಲ್ವರು ಸಾಲಿಗಿಳಿಯುತ್ತೇವೆ.