ಲೈಮ್ ಕಾಯಿಲೆ: ಮಂಡ್ಯ, ಮೈಸೂರಿನಲ್ಲಿ ಪತ್ತೆ ಮಾಡಿಸುವುದು, ಕಡಿಮೆ ಖರ್ಚಲ್ಲಿ ವಾಸಿ ಮಾಡಿಕೊಳ್ಳುವುದು

ಮಗಳ ಬಾಣಂತನಕ್ಕೆ, ಮೊಮ್ಮಗು ನೋಡಿಕೊಳ್ಳೋಕೆ ಅಂತ ಅಮೆರಿಕಕ್ಕೆ ಹೋಗಿ ಬರುವ ಅಪ್ಪ-ಅಮ್ಮಂದಿರು ಈಗ ಮಂಡ್ಯ, ಮೈಸೂರಿನ ಬೀದಿಬೀದಿಯಲ್ಲೂ ಇದ್ದಾರೆ. ಇದನ್ನು ಮುಖ್ಯವಾಗಿ ಅವರಿಗಾಗಿ ಬರೆಯುತ್ತಿದ್ದೇನೆ. ಎಚ್.ಡಿ. ಕೋಟೆ, ಹುಣಸೂರು ಕಡೆ ಕಾಡಂಚಿನಲ್ಲಿ ಇರುವವರ ವಿಷಯ ಸ್ವಲ್ಪ ಬೇರೆ. ಅದನ್ನೂ ಮುಂದೆ ಹೇಳಿದ್ದೇನೆ.

ನಮ್ಮ ಯಜಮಾನರಿಗೆ ಲೈಮ್ ಕಾಯಿಲೆ ಬಂದಿತ್ತು. ಉಣ್ಣೆ ಕಚ್ಚಿ ಅಂಟುವ ಬ್ಯಾಕ್ಟೀರಿಯಾ ಕಾಯಿಲೆ ಇದು. ಅಂಟಿದ್ದು ನ್ಯೂಜೆರ್ಸಿಯಲ್ಲಿ, ಮಗಳ ಮನೆ ಹಿತ್ತಲಲ್ಲಿ. ಕಾಟ ಕೊಟ್ಟಿದ್ದು ಮಂಡ್ಯಕ್ಕೆ ಬಂದ ಮೇಲೆ. ಅಲ್ಲಿದ್ದಾಗ ಜೂನ್ ತಿಂಗಳಲ್ಲಿ ಮಂಡಿಯ ಹಿಂದೆ ಅಂಗೈಯಗಲದ ಮಚ್ಚೆ ಆಗಿತ್ತು. ತುರಿಕೆ ಇಲ್ಲ, ನೋವಿಲ್ಲ. ತಾನಾಗೇ ಹೋಯಿತು. ಊರಿಗೆ ಬಂದ ಮೇಲೆ ಆಗಸ್ಟ್‌ನಲ್ಲಿ ಬಾಯಿ ಒಂದು ಕಡೆ ಸೊಟ್ಟಗಾಯಿತು. ಗಾಳಿ ಹೊಡೆದಿದೆ ಅಂದರು, ಮಾತ್ರೆ ಕೊಟ್ಟರು, ಸರಿಹೋಯಿತು. ಚಳಿಗಾಲ ಬರೋ ಹೊತ್ತಿಗೆ ಬಲಗಾಲಿನ ಮಂಡಿ ಊದಿಕೊಂಡಿತು. ಒಂದು ಖಾಸಗಿ ಆಸ್ಪತ್ರೆಯಲ್ಲಿ ಮಂಡಿಯಿಂದ ನೀರು ತೆಗೆದರು, ಮತ್ತೆ ತುಂಬಿಕೊಂಡಿತು. ಎಂಆರ್‌ಐ ಆಯಿತು, ಯೂರಿಕ್ ಆಸಿಡ್ ಆಯಿತು, ಸಂಧಿವಾತದ ರಕ್ತಪರೀಕ್ಷೆ ಎಲ್ಲಾ ಆಯಿತು. ಕೊನೆಗೆ ಮಂಡಿಚಿಪ್ಪು ಬದಲಾಯಿಸುವ ಮಾತು ಬಂತು.

ಆಮೇಲೆ ವಾಸಿಯಾಗಿದ್ದು ಡಾಕ್ಸಿಸೈಕ್ಲಿನ್ ಅನ್ನೋ ಹಳೇ ಮಾತ್ರೆಯಿಂದ. ಒಂದು ಮಾತ್ರೆಗೆ ಕೆಲವೇ ರೂಪಾಯಿ. ನಾನು ಹೇಳಬೇಕು ಅಂತಿರೋದು ಇಷ್ಟೇ: ಈ ಕಾಯಿಲೆಗೆ ಔಷಧಿ ಅಗ್ಗ, ದುಡ್ಡೆಲ್ಲ ಹೋಗೋದು ಅದರ ಹೆಸರು ಗೊತ್ತಾಗುವ ಮೊದಲು. ಬೇಗ ಗೊತ್ತಾಗಬೇಕು ಅಂದರೆ ನಡೆದದ್ದೆಲ್ಲ ಡಾಕ್ಟರ ಮುಂದೆ ಒಟ್ಟಿಗೆ ಇರಬೇಕು. ಒಬ್ಬರಿಗೆ ಬಾಯಿ ಸೊಟ್ಟಗಾಗಿದ್ದು ಮಾತ್ರ ಗೊತ್ತು, ಇನ್ನೊಬ್ಬರಿಗೆ ಮಂಡಿ ಊತ ಮಾತ್ರ ಗೊತ್ತು ಅಂದರೆ ಯಾರಿಗೂ ಇದು ಹೊಳೆಯೋದಿಲ್ಲ.

ಯಾವಾಗ ಅನುಮಾನ ಪಡಬೇಕು

ಮೊದಲು ಜಾಗ ನೋಡಿ. ಅಮೆರಿಕದ ಈಶಾನ್ಯ ಭಾಗದಲ್ಲಿ, ಅಂದರೆ ನ್ಯೂಜೆರ್ಸಿ, ನ್ಯೂಯಾರ್ಕ್, ಪೆನ್ಸಿಲ್ವೇನಿಯಾ, ಕನೆಕ್ಟಿಕಟ್, ಮ್ಯಾಸಚೂಸೆಟ್ಸ್ ಕಡೆ, ಇದು ತುಂಬಾ ಸಾಮಾನ್ಯ. ವಿಸ್ಕಾನ್ಸಿನ್, ಮಿನೆಸೋಟಾದಲ್ಲೂ ಇದೆ. ಕನೆಕ್ಟಿಕಟ್‌ನ ಲೈಮ್ ಅನ್ನೋ ಊರಿನ ಸುತ್ತ 1975ರ ಹೊತ್ತಿಗೆ ಮಕ್ಕಳಿಗೆಲ್ಲ ಮಂಡಿ ಊದಿಕೊಳ್ಳುತ್ತಿದ್ದುದರಿಂದಲೇ ಕಾಯಿಲೆಗೆ ಆ ಹೆಸರು ಬಂದಿದ್ದು. ಯುರೋಪಿನಲ್ಲೂ ಇದೆ. ಮಗ ಜರ್ಮನಿಯಲ್ಲಿದ್ದರೆ ಅದೂ ನೆನಪಿರಲಿ.

ಹರಡೋದು ಜಿಂಕೆ ಉಣ್ಣೆಯಿಂದ. ಬೊರೇಲಿಯಾ ಅನ್ನೋ ಬ್ಯಾಕ್ಟೀರಿಯಾ ಅದರ ಹೊಟ್ಟೆಯಲ್ಲಿರುತ್ತೆ. ಹೆಚ್ಚಾಗಿ ಕಚ್ಚೋದು ಉಣ್ಣೆಯ ಮರಿ, ಗಸಗಸೆ ಕಾಳಿನಷ್ಟೇ ಇರುತ್ತೆ. ಮೇಯಿಂದ ಜುಲೈವರೆಗೆ ಇದರ ಕಾಟ ಜಾಸ್ತಿ. ನಮ್ಮವರು ಅಲ್ಲಿಗೆ ಹೋಗೋದೂ ಅದೇ ಬೇಸಿಗೆಯಲ್ಲಿ, ಅಲ್ವಾ? ಕಚ್ಚಿದ್ದು ಗೊತ್ತೇ ಆಗೋದಿಲ್ಲ. ಹಾಗಾಗಿ "ಉಣ್ಣೆ ಕಚ್ಚಿತ್ತಾ?" ಅಂತ ಕೇಳಿದಾಗ "ಇಲ್ಲ" ಅಂದುಬಿಡಬೇಡಿ. "ನೋಡಲಿಲ್ಲ, ಆದರೆ ಹುಲ್ಲಲ್ಲಿ, ಗಿಡದ ನಡುವೆ ಓಡಾಡಿದ್ದೆ" ಅಂತ ಹೇಳಿ.

ಆಮೇಲೆ ಮೈ ನೋಡಿ. ಕಚ್ಚಿದ 3 ದಿನದಿಂದ 30 ದಿನದೊಳಗೆ ಹತ್ತರಲ್ಲಿ ಏಳೆಂಟು ಜನಕ್ಕೆ ಮಚ್ಚೆ ಬರುತ್ತೆ. ದಿನದಿಂದ ದಿನಕ್ಕೆ ಅಗಲ ಆಗುತ್ತಾ ಹೋಗುತ್ತೆ. ಚಿತ್ರಗಳಲ್ಲಿ ತೋರಿಸುವ ಹಾಗೆ ಸುತ್ತ ಬಳೆ, ನಡುವೆ ಚುಕ್ಕಿ ಇರಲೇಬೇಕು ಅಂತಿಲ್ಲ. ನಮ್ಮ ಮೈಬಣ್ಣದಲ್ಲಿ ಅದು ಕೆಂಪಗೆ ಕಾಣದೇ ಇರಬಹುದು. ಏಟು ಬಿದ್ದು ಕಂದಿದ ಹಾಗೆ, ನೇರಳೆ ಬಣ್ಣಕ್ಕೆ ಕಾಣುತ್ತೆ. ಯಜಮಾನರದ್ದೂ ಹಾಗೇ ಇತ್ತು.

ಚಿಕಿತ್ಸೆ ಇಲ್ಲದೆ ಬಿಟ್ಟರೆ ವಾರಗಳು, ತಿಂಗಳುಗಳು ಕಳೆದ ಮೇಲೆ ಬಾಯಿ ಸೊಟ್ಟಗಾಗಬಹುದು, ಮಂಡಿ ಊದಬಹುದು. ಕೆಲವರಿಗೆ ಹೃದಯದ ಬಡಿತ ನಿಧಾನವಾಗಿ ತಲೆ ಸುತ್ತು ಬರುತ್ತೆ, ಕಣ್ಣು ಕತ್ತಲೆ ಬರುತ್ತೆ. ಹಾಗಾದರೆ ಒಂದು ದಿನವೂ ಕಾಯಬೇಡಿ, ಅವತ್ತೇ ಇಸಿಜಿ ಮಾಡಿಸಿ.

ಒಂದು ಹಾಳೆ ಬರೆದುಕೊಳ್ಳಿ

ಇದಕ್ಕೆ ಕಾಸು ಖರ್ಚಿಲ್ಲ, ನಮಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದಿದ್ದೂ ಇದೇ. ಮೊಮ್ಮಗನ ಹಳೇ ನೋಟ್‌ಬುಕ್ಕಿನ ಒಂದು ಹಾಳೆ ಹರಿದು ನಾನು ಬರೆದದ್ದು ಹೀಗಿತ್ತು:

ಮೇ ಮೊದಲ ವಾರ – ನ್ಯೂಜೆರ್ಸಿಗೆ ಹೋದೆವು. ಮನೆ ಹಿಂದೆ ಕಾಡು, ಸಂಜೆ ಜಿಂಕೆ ಬರುತ್ತವೆ.
ಜೂನ್ – ಇವರು ಬೇಲಿ ಗಿಡ ಕತ್ತರಿಸಿದರು, ಎಲೆ ಗುಡ್ಡೆ ಹಾಕಿದರು. ಅದಾಗಿ ವಾರದ ಮೇಲೆ ಮಂಡಿ ಹಿಂದೆ ಮಚ್ಚೆ. ಫೋಟೋ ಇದೆ.
ಜೂನ್ ಕೊನೆ – ಎರಡು ದಿನ ಜ್ವರ, ಮೈಕೈ ನೋವು.
ಜುಲೈ – ವಾಪಸ್ ಮಂಡ್ಯ.
ಆಗಸ್ಟ್ – ಬಾಯಿ ಎಡಕ್ಕೆ ಸೊಟ್ಟ. ಸ್ಟೀರಾಯ್ಡ್ ಮಾತ್ರೆ. ಸರಿಹೋಯಿತು.
ಡಿಸೆಂಬರ್ – ಬಲಮಂಡಿ ಊತ. ನೋವು ಕಡಿಮೆ, ಊತ ಜಾಸ್ತಿ. ನೀರು ತೆಗೆದರೂ ಮತ್ತೆ ತುಂಬುತ್ತಿದೆ.
ಸಕ್ಕರೆ ಕಾಯಿಲೆ ಇದೆ. ತೆಗೆದುಕೊಳ್ಳುವ ಮಾತ್ರೆಗಳು...

ಫೋಟೋ ಮಗಳ ಫೋನಲ್ಲಿತ್ತು, ಮಗುವಿನ ಫೋಟೋಗಳ ನಡುವೆ. ವಾಟ್ಸಾಪಲ್ಲಿ ತರಿಸಿಕೊಂಡೆ. ಈಗ ಯಾರಿಗಾದರೂ ಇಂಥ ಮಚ್ಚೆ ಕಂಡರೆ ಬಾಲ್‌ಪೆನ್ನಲ್ಲಿ ಅದರ ಅಂಚಿಗೆ ಗೆರೆ ಎಳೆದು, ಪಕ್ಕದಲ್ಲಿ ಐದು ರೂಪಾಯಿ ನಾಣ್ಯ ಇಟ್ಟು ಬೆಳಕಲ್ಲಿ ಫೋಟೋ ತೆಗೆಯಿರಿ ಅಂತ ಹೇಳುತ್ತೇನೆ. ಎರಡು ದಿನ ಬಿಟ್ಟು ಇನ್ನೊಂದು ತೆಗೆಯಿರಿ. ಗೆರೆ ದಾಟಿ ಹರಡಿದ್ದು, ಎರಡು ನಾಣ್ಯ ಪಕ್ಕಪಕ್ಕ ಇಟ್ಟದ್ದಕ್ಕಿಂತ ಅಗಲ ಆಗಿದ್ದು, ಎರಡೂ ಫೋಟೋದಲ್ಲೇ ಕಾಣುತ್ತೆ.

ಯಾರ ಹತ್ತಿರ ಹೋಗೋದು

ಮಂಡಿ ಊದಿದೆ ಅಂತ ನೇರ ಮೂಳೆ ಡಾಕ್ಟರ ಹತ್ತಿರ ಹೋಗೋದು ನಮ್ಮೆಲ್ಲರ ರೂಢಿ. ಊರು ಸುತ್ತಿ ಬಂದವರು ಮೊದಲು ಜನರಲ್ ಮೆಡಿಸಿನ್ ಡಾಕ್ಟರಿಗೆ ತೋರಿಸಿ. ಮಂಡ್ಯದಲ್ಲಿ ಮಿಮ್ಸ್, ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ ಎರಡೂ ಮೆಡಿಕಲ್ ಕಾಲೇಜಿಗೆ ಸೇರಿದವು. ಅಲ್ಲಿ ಕಲಿಯುವ ಡಾಕ್ಟರುಗಳು ಕೂತು ಪೂರ್ತಿ ವಿವರ ಕೇಳಿ ಬರೆದುಕೊಳ್ಳುತ್ತಾರೆ. ಬೆಳಗ್ಗೆ ಬೇಗ ಹೋಗಬೇಕು, ಕಾಯಬೇಕು. ಈ ಕಾಯಿಲೆಗೆ ಬೇಕಾದದ್ದೇ ಆ ಕೇಳುವ ತಾಳ್ಮೆ. ನಮ್ಮ ಹಾಳೆಯನ್ನು ಓದಿದ್ದು ಅಂಥದ್ದೇ ಒಬ್ಬ ಹುಡುಗಿ. "ಅಮ್ಮಾ, ಮಚ್ಚೆ ಫೋಟೋ ತೋರಿಸಿ" ಅಂದಳು, ಫೋನ್ ಹಿಡಿದುಕೊಂಡು ಸೀದಾ ಒಳಗೆ ದೊಡ್ಡ ಡಾಕ್ಟರ ಹತ್ತಿರ ಹೋದಳು. ಅವಳನ್ನು ನೆನೆಸಿಕೊಂಡರೆ ಈಗಲೂ ಕೈಮುಗಿಯಬೇಕು ಅನ್ನಿಸುತ್ತೆ.

"ಗೂಗಲ್‌ನಲ್ಲಿ ನೋಡಿದೆ, ಇದು ಲೈಮ್" ಅಂತ ಶುರು ಮಾಡಿದರೆ ಯಾವ ಡಾಕ್ಟರಿಗೂ ಸರಿಬರೋದಿಲ್ಲ. "ಸಾರ್, ಇವರು ಲೈಮ್ ಇರುವ ಜಾಗದಲ್ಲಿ ಬೇಸಿಗೆ ಕಳೆದು ಬಂದಿದ್ದಾರೆ, ಅದೂ ಇರಬಹುದಾ?" ಅಂತ ಕೇಳಿ. ಇಲ್ಲ ಅಂದರೆ ಮತ್ತೇನಿರಬಹುದು ಅಂತಲೂ ಕೇಳಿ. ಎಷ್ಟೋ ಸಾರಿ ಅವರು ಹೇಳಿದ್ದೇ ಸರಿಯಿರುತ್ತೆ.

ರಕ್ತಪರೀಕ್ಷೆ: ಯಾವಾಗ ಬೇಕು, ಯಾವಾಗ ಬೇಡ

ಇಲ್ಲಿ ಸುಮ್ನೆ ದುಡ್ಡು ಕಳೆದುಕೊಳ್ಳುವವರು ತುಂಬಾ ಜನ. ಈ ಪರೀಕ್ಷೆ ರೋಗಾಣುವನ್ನು ಹುಡುಕೋದಿಲ್ಲ. ರೋಗಾಣುವಿನ ವಿರುದ್ಧ ನಮ್ಮ ಮೈ ತಯಾರಿಸಿದ ಪ್ರತಿಕಾಯವನ್ನು ಹುಡುಕುತ್ತೆ. ಅದು ತಯಾರಾಗೋಕೆ ವಾರಗಳು ಬೇಕು. ಮಚ್ಚೆ ಬಂದ ಹೊಸದರಲ್ಲಿ ಮಾಡಿಸಿದರೆ ಕಾಯಿಲೆ ಇದ್ದರೂ ನೆಗೆಟಿವ್ ಬರಬಹುದು. ಅದಕ್ಕೇ ಲೈಮ್ ಇರುವ ಜಾಗದಿಂದ ಬಂದವರಿಗೆ ಸರಿಯಾದ ಮಚ್ಚೆ ಕಂಡರೆ ರಕ್ತಪರೀಕ್ಷೆಗೆ ಕಾಯದೆ ಔಷಧಿ ಶುರು ಮಾಡೋದು ಪದ್ಧತಿ. ಮಂಡಿಗೆ ಇಳಿಯುವಷ್ಟು ತಿಂಗಳು ಕಳೆದಿದ್ದರೆ ಐಜಿಜಿ ಅನ್ನೋ, ತಡವಾಗಿ ಬಂದು ಉಳಿಯುವ ಪ್ರತಿಕಾಯ ಹೆಚ್ಚುಕಮ್ಮಿ ಎಲ್ಲರಲ್ಲೂ ಕಾಣುತ್ತೆ. ಆಗ ನೆಗೆಟಿವ್ ಬಂದರೆ ಊತಕ್ಕೆ ಬೇರೆ ಕಾರಣ ಹುಡುಕಬೇಕು.

ಎರಡು ಹಂತ ಇದೆ. ಮೊದಲು ಎಲೈಸಾ ಅನ್ನೋ ಪರೀಕ್ಷೆ. ಅದು ಪಾಸಿಟಿವ್ ಅಥವಾ ಅನುಮಾನ ಅಂತ ಬಂದರೆ ಮಾತ್ರ ಅದನ್ನು ಖಚಿತ ಮಾಡಿಕೊಳ್ಳೋಕೆ ವೆಸ್ಟರ್ನ್ ಬ್ಲಾಟ್ ಅನ್ನೋ ಪರೀಕ್ಷೆ. ಎರಡನ್ನೂ ಒಟ್ಟಿಗೆ ಮಾಡಿಸಬೇಡಿ, ದುಬಾರಿ. ನಮ್ಮಲ್ಲಿ ಲ್ಯಾಬಿನವರು ರಕ್ತ ತೆಗೆದು ದೊಡ್ಡ ಊರಿನ ಲ್ಯಾಬಿಗೆ ಕಳಿಸುತ್ತಾರೆ. ಎಷ್ಟಾಗುತ್ತೆ, ಎಷ್ಟು ದಿನ ಬೇಕು ಅಂತ ಎರಡು ಮೂರು ಕಡೆ ಫೋನಲ್ಲೇ ಕೇಳಿಕೊಳ್ಳಿ. ಎಲೈಸಾ ಒಂದೇ ಪಾಸಿಟಿವ್ ಬಂತು ಅಂತ ಗಾಬರಿಯಾಗಬೇಡಿ. ಸಿಫಿಲಿಸ್, ಇಲಿಜ್ವರ, ಕೆಲವು ಸಂಧಿವಾತಗಳಲ್ಲೂ ಹಾಗೆ ಸುಳ್ಳು ಪಾಸಿಟಿವ್ ಬರುತ್ತೆ. ಕಾಯಿಲೆ ಶುರುವಾಗಿ ತಿಂಗಳಾದ ಮೇಲೆ ಐಜಿಎಂ (ಮೊದಮೊದಲು ಬರುವ ಪ್ರತಿಕಾಯ) ಒಂದನ್ನೇ ಹಿಡಿದುಕೊಂಡು ಲೈಮ್ ಅನ್ನೋಕಾಗಲ್ಲ.

ವಾಸಿಯಾಯಿತಾ ನೋಡೋಣ ಅಂತ ಮತ್ತೆ ಮಾಡಿಸೋದು ಬೇಡವೇ ಬೇಡ. ಪ್ರತಿಕಾಯ ವರ್ಷಗಟ್ಟಲೆ ರಕ್ತದಲ್ಲಿ ಉಳಿಯುತ್ತೆ.

ಔಷಧಿ, ದುಡ್ಡು

ಮಚ್ಚೆ ಮಾತ್ರ ಇದ್ದರೆ ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ ದಿನಕ್ಕೆ ಎರಡು ಸಲ, 10ರಿಂದ 14 ದಿನ ಕೊಡುತ್ತಾರೆ. ಬಾಯಿ ಸೊಟ್ಟಗಾಗಿದ್ದರೆ 14ರಿಂದ 21 ದಿನ. ಮಂಡಿಗೆ 28 ದಿನ. ಬಸುರಿಯರಿಗೆ, ಇದು ಆಗದವರಿಗೆ ಅಮಾಕ್ಸಿಸಿಲಿನ್. ಮಿದುಳಿಗೆ ಇಳಿದಿದ್ದರೆ, ಹೃದಯಕ್ಕೆ ಜೋರಾಗಿ ತಗುಲಿದ್ದರೆ ಸೆಫ್‌ಟ್ರಯಾಕ್ಸೋನ್ ಇಂಜೆಕ್ಷನ್. ನಿಮಗೆ ಯಾವುದು ಅಂತ ಡಾಕ್ಟರೇ ಹೇಳಬೇಕು. ಅಂಗಡಿಯಲ್ಲಿ ಕೇಳಿ ತಂದು ನುಂಗಬೇಡಿ.

ಚೀಟಿಯಲ್ಲಿ ಕಂಪನಿ ಹೆಸರಿನ ಬದಲು ಔಷಧಿಯ ಹೆಸರೇ ಬರೆದುಕೊಡಿ ಅಂತ ಕೇಳಿಕೊಳ್ಳಿ. ಜನೌಷಧಿ ಕೇಂದ್ರಕ್ಕೆ ಅದನ್ನು ತೋರಿಸಿದರೆ ಸಾಕು. ಇಡೀ ಕೋರ್ಸ್ ಮೊದಲೇ ತಂದಿಟ್ಟುಕೊಳ್ಳಿ, ನಡುವೆ ಖಾಲಿಯಾಗಬಾರದು.

ಊಟದ ಮೇಲೆ, ದೊಡ್ಡ ಲೋಟದ ತುಂಬ ನೀರಿನ ಜೊತೆ, ಕೂತುಕೊಂಡು ನುಂಗಬೇಕು. ನುಂಗಿದ ಮೇಲೆ ಅರ್ಧ ಗಂಟೆ ಮಲಗಬಾರದು, ಮಾತ್ರೆ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಹುಣ್ಣಾಗುತ್ತೆ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ, ಹಾಲು, ಗ್ಯಾಸ್ಟ್ರಿಕ್ ಟಾನಿಕ್ ಇವುಗಳಿಗೂ ಇದಕ್ಕೂ ಎರಡು ಮೂರು ಗಂಟೆ ಅಂತರ ಇರಲಿ. ಬಿಸಿಲಿಗೆ ಚರ್ಮ ಬೇಗ ಸುಡುತ್ತೆ, ಕೊಡೆ ಹಿಡಿಯಿರಿ. ಶುರು ಮಾಡಿದ ಮೊದಲ ದಿನ ಜ್ವರ, ಮೈನೋವು ಜಾಸ್ತಿ ಆಗಬಹುದು. ಅದಕ್ಕೆ ಹೆದರಿ ಬಿಡಬೇಡಿ, ಡಾಕ್ಟರಿಗೆ ಫೋನ್ ಮಾಡಿ ಕೇಳಿ.

ಆಸ್ಪತ್ರೆಗೆ ಸೇರಬೇಕಾಗಿ ಬಂದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡ್, ರೇಷನ್ ಕಾರ್ಡ್, ಆಧಾರ್ ಕೈಯಲ್ಲಿರಲಿ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್‌ನವರಿಗೆ ಸರ್ಕಾರ ಗೊತ್ತುಮಾಡಿದ ದರದ ಶೇಕಡ 30 ಕೊಡುತ್ತಾರೆ. ಇದು ಸೇರಿಕೊಂಡ ರೋಗಿಗಳಿಗೆ. ಹೊರಗೆ ಮಾಡಿಸಿದ ರಕ್ತಪರೀಕ್ಷೆಯ ಬಿಲ್ ಇದರಲ್ಲಿ ಬರುತ್ತೆ ಅಂತ ಅಂದುಕೊಳ್ಳಬೇಡಿ.

ಕೋರ್ಸ್ ಮುಗಿದ ಮೇಲೂ ಕೆಲವರಿಗೆ ಸುಸ್ತು, ಕೀಲುನೋವು ತಿಂಗಳುಗಟ್ಟಲೆ ಇರುತ್ತೆ. ಯಜಮಾನರ ಮಂಡಿಯ ಊತವೂ ಮಾತ್ರೆ ಮುಗಿದ ಎಷ್ಟೋ ವಾರಗಳ ಮೇಲೆ ಇಳಿಯಿತು. ಈ ಹೊತ್ತಿನಲ್ಲೇ ಜನ ಹತಾಶರಾಗಿ ತಿಂಗಳುಗಟ್ಟಲೆ ಆ್ಯಂಟಿಬಯೋಟಿಕ್, ಡ್ರಿಪ್, ವಿಷ ತೆಗೆಯುವ ಪ್ಯಾಕೇಜ್ ಅಂತ ಲಕ್ಷಗಟ್ಟಲೆ ಸುರಿಯೋದು. ಸುಸ್ತಿಗೆ ಅಂತ ಉದ್ದಕ್ಕೆ ಕೊಟ್ಟ ಆ್ಯಂಟಿಬಯೋಟಿಕ್ ಉಪಯೋಗಕ್ಕೆ ಬರೋದಿಲ್ಲ ಅಂತ ಪರೀಕ್ಷಿಸಿ ನೋಡಿಯೇ ಹೇಳಿದ್ದಾರೆ, ಅಪಾಯವೂ ಇದೆ. ಊತ ಹಾಗೇ ಇದ್ದರೆ ಡಾಕ್ಟರು ಇನ್ನೊಂದು ಕೋರ್ಸ್ ಕೊಡಬಹುದು. ಅದು ಬೇರೆ ಮಾತು.

ಕಾಡಂಚಿನವರಿಗೆ

ನಾಗರಹೊಳೆ, ಬಂಡೀಪುರದಲ್ಲಿ ಜನರ ರಕ್ತ ಪರೀಕ್ಷಿಸಿದಾಗ ಲೈಮ್ ಪ್ರತಿಕಾಯ ಕಂಡಿದೆ, 2020ರಲ್ಲಿ ಪ್ರಕಟವಾಗಿದೆ. ಹಾಗಾಗಿ ನಮ್ಮಲ್ಲಿ ಇಲ್ಲವೇ ಇಲ್ಲ ಅನ್ನೋಕಾಗಲ್ಲ. ಆದರೂ ಅಲ್ಲಿ ಓಡಾಡಿ ಬಂದವರಿಗೆ ಜ್ವರ ಬಂದರೆ ಮೊದಲು ನೆನೆಸಬೇಕಾದದ್ದು ಸ್ಕ್ರಬ್ ಟೈಫಸ್. ಅದು ಪೊದೆಯಲ್ಲಿರುವ ನುಸಿಯ ಮರಿಯಿಂದ ಬರುತ್ತೆ, ಮಳೆಗಾಲ ಮುಗಿಯುವಾಗ ಜಾಸ್ತಿ. ಜೋರು ಜ್ವರ, ತಲೆನೋವು, ಮತ್ತು ಕಂಕುಳು, ತೊಡೆಸಂದಿ, ಸೊಂಟದ ದಾರದ ಕೆಳಗೆ, ಎದೆಯ ಕೆಳಗೆ ನೋವಿಲ್ಲದ ಕಪ್ಪು ಹಕ್ಕಳೆ. ಇಂಥ ಜಾಗ ಹೆಂಗಸರು ಡಾಕ್ಟರಿಗೆ ತೋರಿಸೋದಿಲ್ಲ. ದಯವಿಟ್ಟು ಮನೆಯಲ್ಲೇ ನೋಡಿಕೊಂಡು ಬಾಯಲ್ಲಾದರೂ ಹೇಳಿ. ಇದಕ್ಕೂ ಅದೇ ಡಾಕ್ಸಿಸೈಕ್ಲಿನ್, ಸಾಮಾನ್ಯವಾಗಿ ಎರಡು ದಿನದಲ್ಲಿ ಜ್ವರ ಇಳಿಯುತ್ತೆ. ತಡ ಮಾಡಿದರೆ ಜೀವಕ್ಕೇ ಅಪಾಯ. ಮಂಗಗಳು ಸತ್ತ ಸುದ್ದಿ ಇದ್ದರೆ ಮಂಗನ ಕಾಯಿಲೆಯೂ ಇರಬಹುದು. ಅದು ವೈರಸ್, ಈ ಮಾತ್ರೆ ಅದಕ್ಕೆ ನಾಟೋದಿಲ್ಲ. ಕೂಡಲೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಕೊಟ್ಟಿಗೆಯ ಹಸುವಿನ ಉಣ್ಣೆ, ನಾಯಿಯ ಉಣ್ಣೆ ಕಚ್ಚಿತು ಅಂತ ಲೈಮ್ ಪರೀಕ್ಷೆಗೆ ಓಡಬೇಡಿ. ಅವು ಲೈಮ್ ಹರಡುವ ಜಾತಿಯವಲ್ಲ. ಜ್ವರ ಬಂದರೆ ಮಾತ್ರ ಕಚ್ಚಿದ್ದನ್ನು ಡಾಕ್ಟರಿಗೆ ಹೇಳಿ. ನಾಯಿ ಉಣ್ಣೆಯಿಂದ ಬೇರೆ ಜ್ವರ ಬರುತ್ತೆ.

ಈ ಬೇಸಿಗೆಗೆ ಹೋಗುವವರಿಗೆ

ಚೂಪು ತುದಿಯ ಸಣ್ಣ ಚಿಮಟ ಇಟ್ಟುಕೊಂಡು ಹೋಗಿ. ಅಲ್ಲಿ ಹಿತ್ತಲಿಗೆ ಇಳಿದು ಬಂದ ದಿನ ಸ್ನಾನ ಮಾಡುವಾಗ ಮಂಡಿ ಹಿಂದೆ, ತೊಡೆಸಂದಿ, ಕಂಕುಳು, ಕಿವಿ ಹಿಂದೆ, ಕೂದಲ ಬುಡ ತಡವಿ ನೋಡಿಕೊಳ್ಳಿ. ಉಣ್ಣೆ ಅಂಟಿಕೊಂಡಿದ್ದರೆ ಚರ್ಮಕ್ಕೆ ತಾಗುವಷ್ಟು ಹತ್ತಿರ ಹಿಡಿದು, ತಿರುಚದೆ, ನೇರ ಮೇಲಕ್ಕೆ ನಿಧಾನವಾಗಿ ಎಳೆಯಿರಿ. ಸೀಮೆಎಣ್ಣೆ, ಸುಣ್ಣ, ಬೀಡಿ ಬೆಂಕಿ ಯಾವುದೂ ಬೇಡ. ಸಾಮಾನ್ಯವಾಗಿ ಒಂದು ದಿನಕ್ಕಿಂತ ಜಾಸ್ತಿ ಅಂಟಿಕೊಂಡಿದ್ದರೆ ಮಾತ್ರ ರೋಗ ದಾಟುತ್ತೆ, ಹಾಗಾಗಿ ಅವತ್ತೇ ಕಿತ್ತರೆ ಭಯ ಕಡಿಮೆ. ಉಬ್ಬಿಕೊಂಡ ಉಣ್ಣೆ ಸಿಕ್ಕಿದರೆ ಮಗಳಿಗೆ ಹೇಳಿ 72 ಗಂಟೆಯೊಳಗೆ ಅಲ್ಲಿನ ಡಾಕ್ಟರನ್ನು ಕೇಳಿಸಿ, ಒಂದೇ ಸಲದ ಡಾಕ್ಸಿಸೈಕ್ಲಿನ್ ಕೊಡುವ ಪದ್ಧತಿ ಅಲ್ಲಿದೆ. ಮಚ್ಚೆ ಬಂದರಂತೂ "ಮಕ್ಕಳಿಗೆ ಯಾಕೆ ಖರ್ಚು, ಊರಿಗೆ ಹೋಗಿ ತೋರಿಸೋಣ" ಅಂತ ಮುಂದಕ್ಕೆ ಹಾಕಬೇಡಿ. ಅಲ್ಲಿನ ಡಾಕ್ಟರಿಗೆ ಇದು ನೋಡಿದ ತಕ್ಷಣ ಗೊತ್ತಾಗುತ್ತೆ. ಪ್ರವಾಸದ ಇನ್ಶೂರೆನ್ಸ್ ಮಾಡಿಸುವಾಗಲೇ ಕ್ಲಿನಿಕ್ಕಿನ ಹೊರರೋಗಿ ಖರ್ಚು ಸೇರಿದೆಯಾ ಅಂತ ಕೇಳಿ, ಅವರು ಕೊಟ್ಟ ಚೀಟಿಯ ಫೋಟೋ ತೆಗೆದು ಇಟ್ಟುಕೊಂಡು ಬನ್ನಿ.